ಹೊಸ ಮಿಕ್ಸಿ ಕೊಳ್ಳುವವರಿಗೆ ದಾರಿಯಲ್ಲಿ ಅಭಿಪ್ರಾಯ ನೀಡುವ ಬಗ್ಗೆ

ಸಂಬಂಧಪಟ್ಟ ಇಲಾಖೆ
(ಉಳಿದೆಲ್ಲ ಇಲಾಖೆಗಳೂ “ಅದನ್ನು ಸಂಬಂಧಪಟ್ಟ ಇಲಾಖೆಯಲ್ಲಿ ಕೇಳಿ” ಎಂದು ಕಳುಹಿಸುವ ಇಲಾಖೆ)
ಹಾಸನ

ಸಂಖ್ಯೆ: ಸಂಇ/ಅಭಿ/ಮಿಕ್ಸಿ/14/2025-26
ದಿನಾಂಕ: ಸಹಿಯಾದ ದಿನವೇ ದಿನಾಂಕವೆಂದು ತಿಳಿಯತಕ್ಕದ್ದು

ಸುತ್ತೋಲೆ

ವಿಷಯ: ಮಿಕ್ಸಿ, ಮೊಬೈಲು, ಟೀವಿ, ಕೈಗಡಿಯಾರ ಮುಂತಾದವನ್ನು ಕೊಳ್ಳಲು ಹೊರಟವರಿಗೆ ಎದುರು ಸಿಕ್ಕವರು ಸ್ವಂತ ಅಭಿಪ್ರಾಯ ನೀಡುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
1. ಶ್ರೀಮತಿ ಪ್ರೇಮಕುಮಾರಿ, ತಿಂಡಿ ಹೋಟೆಲ್ ಮಾಲೀಕರು, ಹೊಳೆನರಸೀಪುರ, ಇವರ ದೂರು.
2. ಸದರಿ ದೂರಿನ ಬಗ್ಗೆ ಈ ಕಚೇರಿಯ ಸಿಬ್ಬಂದಿ ನೀಡಿದ ಅಭಿಪ್ರಾಯಗಳು (ತೂಕ ಹೆಚ್ಚಾದ್ದರಿಂದ ಲಗತ್ತಿಸಿರುವುದಿಲ್ಲ).
3. ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲವೆಂದು ಖಚಿತವಾಗಿದೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಭಾಗದ ಸಮಸ್ತ ತಿಳಿದವರು, ತಿಳಿದಷ್ಟು ಮಾತಾಡುವವರು ಹಾಗೂ ತಿಳಿಯದೆಯೂ ಮಾತಾಡಬಲ್ಲವರ ಗಮನಕ್ಕೆ ತರುವುದೇನೆಂದರೆ:

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶ್ರೀಮತಿ ಪ್ರೇಮಕುಮಾರಿಯವರು ಚಿಕ್ಕದೊಂದು ತಿಂಡಿ ಹೋಟೆಲನ್ನು ನಡೆಸಿಕೊಂಡು ಬರುತ್ತಿದ್ದು, ಅಲ್ಲಿ ಇಡ್ಲಿ ಸಾಧಾರಣವಾಗಿಯೂ ಕಾಯಿಚಟ್ನಿ ಅಸಾಧಾರಣವಾಗಿಯೂ ಇರುವುದು ಇಲಾಖೆಯ ಸ್ಥಳ ಪರಿಶೀಲನೆಯಿಂದ ಪದೇ ಪದೇ ದೃಢಪಟ್ಟಿರುತ್ತದೆ. ದಸರಾ ಕಳೆದ ವಾರ ಹೋಟೆಲಿನ ಮಿಕ್ಸಿ ಹೊಗೆ ಬಿಟ್ಟು ನಿಂತುಹೋಯಿತು. ಬೀದಿ ಕೊನೆಯ ರಿಪೇರಿ ಅಂಗಡಿಯ ಶ್ರೀ ರುದ್ರೇಶ ಅದನ್ನು ಬಿಚ್ಚಲು ಹೋಗಿ, ತಮ್ಮಲ್ಲಿರುವ ಯಾವ ಸ್ಕ್ರೂಡ್ರೈವರಿಗೂ ಅದರ ಸ್ಕ್ರೂ ಬಗ್ಗದಿದ್ದಾಗ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಬಿಚ್ಚಬಾರ್ದು ಅಂತಲೇ ಮಾಡವ್ರೆ ಕಣಕ್ಕ. ಕೆಟ್ರೆ ಎಸೀಬೇಕು, ಇನ್ನೊಂದ್ ತರ್ಬೇಕು. ಅಂಗಾದ್ರೆ ನಾನು ಅಂಗ್ಡಿ ತಕ್ಕೊಂಡು ನೊಣ ಹೊಡೀಲಾ?” ಸದರಿ ಪ್ರಶ್ನೆಯನ್ನು ಮಿಕ್ಸಿ ತಯಾರಕರಿಗೆ ರವಾನಿಸಲಾಗಿದ್ದು, ಉತ್ತರವಾಗಿ ಹೊಸ ಮಿಕ್ಸಿಯ ಜಾಹೀರಾತು ಬಂದಿರುತ್ತದೆ.

ಅಂದಿನಿಂದ ಶ್ರೀಮತಿ ಪ್ರೇಮಕುಮಾರಿಯವರು ಹಿತ್ತಿಲ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುತ್ತಿದ್ದಾರೆ. ತೋಳು ಬಿದ್ದುಹೋಗುವಂತೆ ರುಬ್ಬಿದರೂ ಕಚೇರಿಗಳ ಬಾಗಿಲು ತೆಗೆಯುವ ಹೊತ್ತಿಗೆ ಚಟ್ನಿ ತಳ ಕಾಣುತ್ತಿದ್ದು, ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಹೋಟೆಲಿಗೆ ಸರಿಯುತ್ತಿದ್ದಾರೆ. ಕಷ್ಟಪಟ್ಟು ಕಟ್ಟಿದ ಹೋಟೆಲು ಕಣ್ಣೆದುರೇ ಕೈತಪ್ಪಿ ಹೋಗುತ್ತಿದೆ ಎಂಬುದು ದೂರಿನ ಸಾರಾಂಶ.

ಇದರ ಆರ್ಥಿಕ ಪರಿಣಾಮವನ್ನು ಇಲಾಖೆಯು ಕೂಲಂಕಷವಾಗಿ ಅಧ್ಯಯನ ಮಾಡಿದೆ. ಚಟ್ನಿ ಇಲ್ಲದೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಇಡ್ಲಿ ಇಳಿಯದೆ ಯಾರೂ ಕಾಫಿ ಹೇಳುವುದಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಬರುತ್ತಿದ್ದ ತೆಂಗಿನಕಾಯಿ ಮೂಟೆ ಅರ್ಧಕ್ಕಿಳಿದಿದೆ. ಹುರಿಗಡಲೆ ಅಂಗಡಿಯವರು ಮುಖ ಸಿಂಡರಿಸಿಕೊಂಡಿದ್ದಾರೆ. ಚಟ್ನಿ ಸಿಗದ ನೌಕರರು ಸಾರ್ವಜನಿಕರ ಮೇಲೆ ಹರಿಹಾಯುತ್ತಿದ್ದಾರೆ. (ಚಟ್ನಿ ಸಿಗುತ್ತಿದ್ದಾಗಲೂ ಹರಿಹಾಯುತ್ತಿದ್ದರು. ಆದರೆ ಆಗ ದನಿಯಲ್ಲಿ ಒಂದು ಬಗೆಯ ತೃಪ್ತಿ ಇತ್ತೆಂದು ಸಾರ್ವಜನಿಕರೇ ಒಪ್ಪಿದ್ದಾರೆ.)

ಹೊಸ ಮಿಕ್ಸಿ ತರುವ ಜವಾಬ್ದಾರಿಯನ್ನು ದೂರುದಾರರ ಪತಿ ಶ್ರೀ ದೊಡ್ಡಯ್ಯನವರಿಗೆ ವಹಿಸಲಾಗಿತ್ತು. ಇವರು ಸಜ್ಜನರು. ಯಾರು ಏನು ಹೇಳಿದರೂ ಕೇಳುತ್ತಾರೆ. ಇವರ ಮೇಲಿರುವ ಆರೋಪವೂ ಇದೇ ಆಗಿರುತ್ತದೆ. ಅರಕಲಗೂಡಿಗೆ ಹೋದಾಗ ಬೀಗರು ಹಾಸನದಲ್ಲಿ ಅಗ್ಗವೆಂದರು. ಹಾಸನದ ಬಸ್ಸಿನಲ್ಲಿ ಪಕ್ಕ ಕೂತವರು ಆನ್‌ಲೈನಿನಲ್ಲಿ ಇನ್ನೂ ಅಗ್ಗವೆಂದರು. ಆನ್‌ಲೈನಿನಲ್ಲಿ ನೋಡುತ್ತಿದ್ದಾಗ ಹರದನಹಳ್ಳಿಯ ಸೋದರಮಾವ ಬಂದು, ಮುಟ್ಟಿ ನೋಡದೆ ತರುವುದು ಹೆಣ್ಣು ನೋಡದೆ ಮದುವೆಯಾದಂತೆ ಎಂದರು. ಮುಟ್ಟಿ ನೋಡಲೆಂದು ಚನ್ನರಾಯಪಟ್ಟಣಕ್ಕೆ ಹೋದವರು, ಅಲ್ಲಿ ಚಹಾ ಕುಡಿಯುವಾಗ ಸಿಕ್ಕ ಅಪರಿಚಿತರೊಬ್ಬರ ಮಾತಿನ ಮೇರೆಗೆ, ಮಿಕ್ಸಿಯ ಬದಲು ಹೆಜ್ಜೆ ಎಣಿಸುವ ಕೈಗಡಿಯಾರವನ್ನು ಕಟ್ಟಿಕೊಂಡು ಮನೆಗೆ ಬಂದರು. ಈ ಸಂದರ್ಭದಲ್ಲಿ ದೂರುದಾರರು ನೀಡಿದ ಹೇಳಿಕೆ: “ಇವ್ರು ನಡಿಯೋದ ಎಣಿಸಕ್ಕೆ ವಾಚ್ ಬಂತು. ನಾನ್ ರುಬ್ಬೋದ ಎಣಿಸಕ್ಕೆ ಯಾರವ್ರೆ ಸಾ?”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯಲ್ಲಿ ಒಲೆಯ ವಿಷಯವು ಅಗ್ನಿಶಾಮಕದವರ ವ್ಯಾಪ್ತಿಗೆ ಬರುವುದರಿಂದ, ಮಾತಿನ ಭಾಗಕ್ಕೆ ಮಾತ್ರ ಅನ್ವಯಿಸುವಂತೆ ಕೆಳಕಂಡ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ.

1. ‘ಅಭಿಪ್ರಾಯ’ ಎಂದರೆ, ಕೇಳದಿದ್ದರೂ ಹೇಳುವ, ಹೇಳತೊಡಗಿದ ಮೇಲೆ ನಿಲ್ಲದ, ಕೊನೆಗೆ “ನಾನ್ ಹೇಳೋದು ಹೇಳಿದೀನಿ, ಆಮೇಲೆ ನಿಮ್ಮಿಷ್ಟ” ಎಂದು ಮುಗಿಯುವ ಮಾತು. ಹಾಗೆ ಮುಗಿಯದ ಮಾತನ್ನು ಹರಟೆಯೆಂದು ಪರಿಗಣಿಸಿ ವಿನಾಯಿತಿ ನೀಡಲಾಗುವುದು.

2. ಮಡಚಿದ ಖಾಲಿ ಚೀಲ ಹಿಡಿದು ಬಸ್ಸು ಹತ್ತಿದವರನ್ನು ‘ಕೊಳ್ಳಲು ಹೊರಟವರು’ ಎಂದು ಗುರುತಿಸತಕ್ಕದ್ದು. ಹೊಳೆನರಸೀಪುರದಿಂದ ಹಾಸನದ ಕಡೆಗೆ ಹೋಗುವ ಬಸ್ಸುಗಳಲ್ಲಿ ಇಂಥವರೊಂದಿಗೆ ಮೊಸಳೆ ಗ್ರಾಮ ದಾಟುವ ತನಕ ಮಳೆ ಮತ್ತು ಮದುವೆಗಳ ಬಗ್ಗೆ ಮಾತ್ರ ಮಾತಾಡಬಹುದು. ಮೊಸಳೆ ದಾಟಿದ ನಂತರ ನಿದ್ರೆ ಮಾಡತಕ್ಕದ್ದು.

3. “ಇನ್ನೊಂದ್ ತಿಂಗ್ಳು ತಡೀರಿ, ಹೊಸ ಮಾಡಲ್ ಬತ್ತದೆ” ಎಂದು ಸಲಹೆ ನೀಡುವವರು, ಆ ಒಂದು ತಿಂಗಳು ಕೊಳ್ಳುವವರ ಮನೆಗೆ ಬೇಕಾದ ಚಟ್ನಿಯನ್ನು ತಮ್ಮ ಮನೆಯಿಂದಲೇ ಸರಬರಾಜು ಮಾಡತಕ್ಕದ್ದು. ಹೊಸ ಮಾಡಲ್ ಬಂದ ದಿನ “ಇದರದ್ದೂ ಇನ್ನೊಂದು ಬತ್ತದಂತೆ” ಎಂದಲ್ಲಿ ಸರಬರಾಜನ್ನು ಆಜೀವ ಪರ್ಯಂತ ವಿಸ್ತರಿಸಲಾಗುವುದು.

4. “ನಮ್ ಕಾಲದ್ದೇ ಗಟ್ಟಿ” ಎನ್ನುವವರು ತಮ್ಮ ಕಾಲದ್ದನ್ನು ಹೊತ್ತು ತಂದು ನಡೆಸಿ ತೋರಿಸತಕ್ಕದ್ದು. ಯಂತ್ರ ಓಡಿದರೂ ಹೊತ್ತು ತಂದವರು ಕುಸಿದಲ್ಲಿ ಇಲಾಖೆ ಹೊಣೆಯಲ್ಲ.

5. ಈ ಭಾಗದಲ್ಲಿ ಎತ್ತು ಕೊಳ್ಳುವಾಗ ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯುವ ಪದ್ಧತಿ ಇದ್ದು, ಅದನ್ನು ಇಲಾಖೆ ಗೌರವಿಸುತ್ತದೆ. ಆದರೆ ಅದೇ ತಿಳಿದವರನ್ನು ಮಿಕ್ಸಿಗೂ ಕರೆದೊಯ್ಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಶ್ರೀ ದೊಡ್ಡಯ್ಯನವರು ಕಡೆಯ ಪ್ರಯತ್ನವಾಗಿ ಸಾಲಗಾಮೆಯ ಹಿರಿಯರೂ ಜಾನುವಾರು ಪರೀಕ್ಷೆಯಲ್ಲಿ ಪಳಗಿದವರೂ ಆದ ಶ್ರೀ ತಿಮ್ಮಪ್ಪನವರನ್ನು ಹಾಸನದ ಮಳಿಗೆಗೆ ಕರೆದೊಯ್ದಿರುತ್ತಾರೆ. ಶ್ರೀ ತಿಮ್ಮಪ್ಪನವರು ಜಾರಿನ ಬಾಯಿ ತೆರೆದು, ಬ್ಲೇಡುಗಳನ್ನು ಎಣಿಸಿ, “ನಾಕ್ ಹಲ್ಲಾಗದೆ ಕಣ್ಲಾ ದೊಡ್ಡಯ್ಯ, ಒಳ್ಳೆ ಪ್ರಾಯ” ಎಂದು ಮೆಚ್ಚಿದರು. ಬಳಿಕ ದನದ ಜಾತ್ರೆಯಲ್ಲಿ ಮಾಡುವಂತೆ ಮಳಿಗೆಯ ವ್ಯವಸ್ಥಾಪಕರ ಕೈ ಮೇಲೆ ಟವೆಲು ಹೊದಿಸಿ, ಒಳಗಿಂದೊಳಗೆ ಬೆರಳು ಹಿಡಿದು ಬೆಲೆ ಕುದುರಿಸಲು ಹೋದಾಗ, ಪಾಪ ಆ ವ್ಯವಸ್ಥಾಪಕರು ಇದನ್ನು ಅಭಿನಂದನೆಯೆಂದು ಭಾವಿಸಿ ಕೈ ಕುಲುಕಿದ್ದರಿಂದ ಬೆರಳ ಲೆಕ್ಕ ತಪ್ಪಿತು. ಆದರೂ ವ್ಯಾಪಾರ ಕುದುರಿತ್ತು. ಅಷ್ಟರಲ್ಲಿ ಮಿಕ್ಸಿಯನ್ನು ಮಗುಚಿ ನೋಡಿದ ಶ್ರೀ ತಿಮ್ಮಪ್ಪನವರಿಗೆ, ವೈರು ಹೊರಡುವ ಜಾಗದ ಪಕ್ಕ, ಗಾಳಿಯಾಡಲೆಂದು ಸುತ್ತು ಸುತ್ತಾಗಿ ಕೊರೆದ ತೂತುಗಳು ಕಂಡಿವೆ. “ಬಾಲದ್ ಬುಡದಲ್ಲಿ ಸುಳಿ ಅದೆ. ಇಂತದ್ದ ಕಟ್ಟಿದ್ ಮನೆ ಉದ್ಧಾರ ಆಗಕಿಲ್ಲ, ಬಿಡ್ಲಾ” ಎಂದು ಅವರು ತೀರ್ಪಿತ್ತ ಕಾರಣ ಇಬ್ಬರೂ ಬರಿಗೈಯಲ್ಲಿ ಹಿಂದಿರುಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

6. ಮೊಬೈಲಿನಿಂದ ನಡೆಸುವ, ಮುಟ್ಟಿದರೆ ಓಡುವ ಗಾಜಿನ ಮುಖದ ಮಿಕ್ಸಿಗಳ ಬಗ್ಗೆ ನೌಕರರು ಪರವಾಗಿಯಾಗಲಿ ವಿರೋಧವಾಗಿಯಾಗಲಿ ಅಭಿಪ್ರಾಯ ನೀಡತಕ್ಕದ್ದಲ್ಲ. ಆದಾಗ್ಯೂ, ಚಟ್ನಿ ಮೆತ್ತಿದ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ತಿರುಗಿಸುವ ನಾಬಾದರೆ ಕೈ ತುಂಬ ಮೆಣಸಿನಕಾಯಿ ಇದ್ದಾಗ ಮೊಣಕೈಯಿಂದಲೂ ತಿರುಗುತ್ತದೆ. ಕಣ್ಣು ಅತ್ತ ಒಲೆಯ ಮೇಲಿದ್ದರೂ ಕೈಗೆ ಇತ್ತ ಎಷ್ಟು ತಿರುಗಿತೆಂದು ಗೊತ್ತಾಗುತ್ತದೆ. ಅಲ್ಲದೆ ಅರ್ಧ ಹಿಡಿ ಹುರಿಗಡಲೆ ನುರಿಸುವ ಯಂತ್ರಕ್ಕೆ ನಮ್ಮ ನೆಂಟರಿಷ್ಟರ ಫೋನ್ ನಂಬರುಗಳೆಲ್ಲ ಏಕೆ ಬೇಕು, ಚಟ್ನಿಗೆ ಅವರನ್ನು ಕರೆಯುತ್ತದೆಯೇ, ನಾವೇನು ಚಟ್ನಿ ರುಬ್ಬಲು ಕೂತಿದ್ದೇವೆಯೋ ಅಥವಾ ಅದರ ಪಾಸ್‌ವರ್ಡ್ ಕಾಯಲು ಕೂತಿದ್ದೇವೆಯೋ ಎಂದು ಕೆಳಸಹಿದಾರರಿಗೆ ಬಹಳ ದಿನದಿಂದ ಸಿಟ್ಟಿದೆ. ಇದು ಅಭಿಪ್ರಾಯವಲ್ಲ, ಮಾಹಿತಿ.

7. ಮೇಲಿನ ನಿಯಮ 6ನ್ನು ಓದಿ ಯಾರೂ ತಲೆಯಾಡಿಸತಕ್ಕದ್ದಲ್ಲ. ತಲೆಯಾಡಿಸುವುದನ್ನೂ ಅಭಿಪ್ರಾಯವೆಂದೇ ಪರಿಗಣಿಸಲಾಗುವುದು.

8. ಈ ಸುತ್ತೋಲೆಯ ಕರಡನ್ನು ಮೇಲಧಿಕಾರಿಗಳ ಅಭಿಪ್ರಾಯಕ್ಕಾಗಿ ಸಲ್ಲಿಸಲಾಗಿತ್ತು. ಅಭಿಪ್ರಾಯಕ್ಕೆ ಅಭಿಪ್ರಾಯ ಸೇರಿ ಕಡತವು ಹಿಂದಿರುಗಲು ವಿಳಂಬವಾಯಿತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಅಷ್ಟರಲ್ಲಿ ದೂರುದಾರರಾದ ಶ್ರೀಮತಿ ಪ್ರೇಮಕುಮಾರಿಯವರು, ಯಾರನ್ನೂ ಕೇಳದೆ, ತಿಳಿದವರನ್ನು ಜೊತೆಗೊಯ್ಯದೆ, ಸೋಮವಾರ ಹೋಟೆಲಿಗೆ ಬಾಗಿಲು ಹಾಕಿ, ಚೀಲದಲ್ಲಿ ತುರಿದ ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ, ಉಪ್ಪು ತುಂಬಿಕೊಂಡು ಹಾಸನದ ಬಸ್ಸು ಹತ್ತಿರುತ್ತಾರೆ. ಚೀಲವು ಖಾಲಿ ಇಲ್ಲದ್ದರಿಂದ ನಿಯಮ 2ರನ್ವಯ ಅವರನ್ನು ಯಾರೂ ಗುರುತಿಸಲಿಲ್ಲ. ಮಳಿಗೆಯ ಮಾರಾಟ ಸಹಾಯಕಿ ಕುಮಾರಿ ಧನ್ಯಾ ಅವರ ಹೇಳಿಕೆ: “ಆಂಟಿ ಬಂದು, ‘ಮಾತು ಬ್ಯಾಡ ಮಗಾ, ಪ್ಲಗ್ ಎಲ್ಲದೆ ತೋರ್ಸು’ ಅಂದ್ರು. ಇಟ್ಟಿದ್ದ ಮಿಕ್ಸಿಲೆಲ್ಲ ಒಂದೊಂದು ಹಿಡಿ ಚಟ್ನಿ ರುಬ್ಬಿದ್ರು. ಒಂದೊಂದನ್ನೂ ನಾಲಿಗೆ ಮೇಲೆ ಇಟ್ಕೊಂಡು ಕಣ್ ಮುಚ್ಚಿದ್ರು. ಪಕ್ಕದಲ್ಲಿ ಫ್ರಿಜ್ ನೋಡ್ತಿದ್ದೋರು ಒಬ್ರು ‘ಮೇಡಂ, ನನ್ನ ಕೇಳಿದ್ರೆ’ ಅಂತ ಬಾಯಿ ತೆಗೆದ್ರು. ಆಂಟಿ ಆ ಬಾಯಿಗೆ ಒಂದು ಚಮಚ ಚಟ್ನಿ ಹಾಕಿದ್ರು. ಆಮೇಲೆ ಸಾದಾ ನಾಬಿಂದು ಒಂದನ್ನ ತೋರ್ಸಿ, ಇದ ಕಟ್ಟು ಅಂದ್ರು. ಅಷ್ಟೇ ಸರ್.”

9. ಅಭಿಪ್ರಾಯವಿಲ್ಲದೆ ವಸ್ತು ಕೊಂಡ ಪ್ರಕರಣವು ಈ ಭಾಗದಲ್ಲಿ ಹಿಂದೆ ನಡೆದ ದಾಖಲೆ ಇಲ್ಲದ್ದರಿಂದ, ಕ್ರಮ ಏಕೆ ಕೈಗೊಳ್ಳಬಾರದೆಂದು ಕಾರಣ ಕೇಳಿ ಶ್ರೀಮತಿ ಪ್ರೇಮಕುಮಾರಿಯವರಿಗೆ ನೋಟೀಸು ಜಾರಿ ಮಾಡಲಾಯಿತು. ಹೊಸ ಮಿಕ್ಸಿಯಲ್ಲಿ ಚಟ್ನಿ ತಿರುವುತ್ತಲೇ ಅವರು ನೀಡಿದ ಉತ್ತರವನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಲಾಗಿದೆ: “ದಾರೀಲಿ ಅಭಿಪ್ರಾಯ ಕೊಟ್ಟೋರ ಬಿಡಿ, ಮಿಕ್ಕೋರೆಲ್ಲ ನನ್ ಅಂಗ್ಡಿಲೇ ಕುಂತು, ನನ್ ಇಡ್ಲಿ ತಿಂದ್ಕಂಡೇ ಕೊಟ್ರು ಸಾ. ಅದು ತಗಳಿ, ಇದು ತಗಬ್ಯಾಡಿ ಅಂದ್ರು. ನೀವೂ ಅಂದ್ರಿ. ಒಬ್ರಾದ್ರೂ ಒಂದ್ ದಪ ಒಳಕ್ ಬಂದು, ಏಳಕ್ಕ, ಇವತ್ತೊಂದಿನ ನಾನ್ ರುಬ್ತೀನಿ ಅಂದ್ರಾ?”

10. ಸದರಿ ಉತ್ತರ ಓದಿದ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ನಾಚಿಕೆಯಾಯಿತು. ಕಡತದಲ್ಲಿ ನಾಚಿಕೆಯಾಯಿತೆಂದು ಬರೆಯಲು ನಮೂನೆ ಇಲ್ಲದ ಕಾರಣ ‘ಗಮನಿಸಲಾಗಿದೆ’ ಎಂದು ಬರೆಯಲಾಗಿದೆ.

11. ಆದ್ದರಿಂದ ಮೇಲಿನ 1ರಿಂದ 7ರವರೆಗಿನ ನಿಯಮಗಳನ್ನು ಹಿಂಪಡೆದು, ಅವುಗಳ ಬದಲಿಗೆ ಒಂದೇ ನಿಯಮವನ್ನು ಜಾರಿಗೊಳಿಸಲಾಗಿದೆ. ಯಾವುದೇ ಯಂತ್ರದ ಬಗ್ಗೆ ಅಭಿಪ್ರಾಯ ನೀಡುವವರು, ಈಗಾಗಲೇ ನೀಡಿದವರೂ ಸೇರಿ, ಬೆಳಗಿನ ಜಾವ ಶ್ರೀಮತಿ ಪ್ರೇಮಕುಮಾರಿಯವರ ಹಿತ್ತಿಲಿಗೆ ಹಾಜರಾಗಿ, ಈಗ ಬಿಡುವಾಗಿರುವ ಒರಳುಕಲ್ಲಿನಲ್ಲಿ ಒಂದು ಪಾತ್ರೆ ತುಂಬ ಚಟ್ನಿ ರುಬ್ಬಿಕೊಡತಕ್ಕದ್ದು. ನುಣ್ಣಗಾಯಿತೇ ಇಲ್ಲವೇ ಎಂಬ ಬಗ್ಗೆ ಮಾಲೀಕರ ಮಾತೇ ಅಂತಿಮ. ಟೀವಿ ಮತ್ತು ಮೊಬೈಲಿನ ಬಗ್ಗೆ ಅಭಿಪ್ರಾಯ ಉಳ್ಳವರೂ ಚಟ್ನಿಯನ್ನೇ ರುಬ್ಬತಕ್ಕದ್ದು. ಬೇರೆ ಕಲ್ಲು ಲಭ್ಯವಿರುವುದಿಲ್ಲ. ಈ ನಿಯಮದಿಂದ ಯಾವ ಹುದ್ದೆಯವರಿಗೂ ವಿನಾಯಿತಿ ಇಲ್ಲ. ನಿಯಮ 6ರಲ್ಲಿ ಇರುವುದು ಮಾಹಿತಿಯೇ ಹೊರತು ಅಭಿಪ್ರಾಯವಲ್ಲ ಎಂಬ ಕೆಳಸಹಿದಾರರ ಮನವಿಯನ್ನು ಮಾಲೀಕರು ತಿರಸ್ಕರಿಸಿರುತ್ತಾರೆ.

ಇದನ್ನು ಓದಿದವರು ಅರ್ಥವಾಯಿತೆಂದು ಹೇಳಿದರೆ ಸಾಕು, ಹೇಗಿದೆಯೆಂದು ಹೇಳಬೇಕಾಗಿಲ್ಲ.

(ಎಡಗೈ ಹೆಬ್ಬೆಟ್ಟಿನ ಗುರುತು)
ಶಾಂತರಾಜು
ಅಧೀಕ್ಷಕರು, ಸಂಬಂಧಪಟ್ಟ ಇಲಾಖೆ, ಹಾಸನ
(ಇಂದು ಬೆಳಿಗ್ಗೆಯಿಂದ ಬಲಗೈ ಮೇಲೇಳದ ಕಾರಣ ಸಹಿ ಮಾಡಲಾಗಿರುವುದಿಲ್ಲ)

ಪ್ರತಿಗಳು:
1. ಶ್ರೀ ರುದ್ರೇಶ, ರಿಪೇರಿ ಅಂಗಡಿ: ಹೊಸ ಮಿಕ್ಸಿಯ ಸ್ಕ್ರೂ ತಮ್ಮ ಸ್ಕ್ರೂಡ್ರೈವರಿಗೆ ಬಗ್ಗುತ್ತದೆಯೆಂಬ ಸಂತೋಷದ ಮಾಹಿತಿಗಾಗಿ.
2. ಶ್ರೀ ತಿಮ್ಮಪ್ಪ, ಸಾಲಗಾಮೆ: ನಾಳೆ ತಮ್ಮ ಸರದಿ. ಟವೆಲು ತರಬಹುದು, ಬೆವರು ಒರೆಸಲು.
3. ಶ್ರೀ ದೊಡ್ಡಯ್ಯ: ಯಾರನ್ನೂ ಕೇಳದೆ ಓದಿಕೊಳ್ಳಲು.
4. ಕಚೇರಿ ಕಡತಕ್ಕೆ: ಮೂಲೆಯಲ್ಲಿರುವ ಕಲೆ ಚಟ್ನಿಯದು. ಅದನ್ನು ದೃಢೀಕರಣವೆಂದು ತಿಳಿಯುವುದು.
5. ಶ್ರೀಮತಿ ಪ್ರೇಮಕುಮಾರಿ: ಮುಟ್ಟಿಸಲು ಹೋದ ಜವಾನ ಬೋರಪ್ಪ ಇನ್ನೂ ಹಿಂದಿರುಗಿಲ್ಲ. ಹೋಟೆಲಿನಲ್ಲಿ ಕೂರಲು ಜಾಗವಿಲ್ಲದೆ ನಿಂತೇ ತಿನ್ನುತ್ತಿರುವುದಾಗಿ ತಿಳಿದುಬಂದಿದೆ.