ಇವತ್ತು ಕೆಲಸ ಇಲ್ಲ

ವಯಸ್ಸಾದ ಮೇಲೆ ಹೊಸ ವಿದ್ಯೆ ಕಲಿಯುವವನಿಗೆ ಬುದ್ಧಿಯದಕ್ಕಿಂತ ನಾಚಿಕೆಯದೇ ದೊಡ್ಡ ತೊಂದರೆ. ಬುದ್ಧಿ ನನಗೆ ಮೊದಲೂ ಹೆಚ್ಚಿಗೆ ಇರಲಿಲ್ಲವಾದ್ದರಿಂದ ಅದರ ಕೊರತೆ ಅಭ್ಯಾಸವಾಗಿತ್ತು. ಆದರೆ ಸಕಲೇಶಪುರದಲ್ಲಿ ಅಷ್ಟು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿ, ಊರಿನ ಅರ್ಧ ಜನರನ್ನು ದೋಣಿಗಲ್ ಘಾಟಿಯ ತಿರುವುಗಳಲ್ಲಿ ಗದರಿಸಿದ ನಾನು ಮತ್ತೆ ವಿದ್ಯಾರ್ಥಿಯಾಗುವುದೆಂದರೆ? ನಾನಾಗಿ ಆಗಲಿಲ್ಲ, ಬೆನ್ನು ಮಾಡಿತು. ಡಿಸ್ಕು ಜಾರಿತು. ಸ್ಕ್ಯಾನ್ ನೋಡಿದ ಡಾಕ್ಟರು ನನ್ನ ಹಳೆಯ ಶಿಷ್ಯರೇ. ಹಳೆಯ ಸೇಡು ತೀರಿಸಿಕೊಳ್ಳುವವರ ಹಾಗೆ ನಕ್ಕು, "ಮೇಷ್ಟ್ರೇ, ಜೀಪು ಬೇಕೋ ಬೆನ್ನು ಬೇಕೋ, ಒಂದು ಹೇಳಿ" ಎಂದರು.

ಬೆನ್ನನ್ನೇ ಆರಿಸಿಕೊಂಡೆ. ನನ್ನ ಹೆಂಡತಿ ಸುಧಾ ಹೈಸ್ಕೂಲ್ ಟೀಚರು. ಜಗತ್ತಿನಲ್ಲಿ ಯಾರಿಗೆ ಏನನ್ನು ಬೇಕಾದರೂ ಕಲಿಸಬಹುದು ಎಂದು ಇನ್ನೂ ನಂಬಿರುವವಳು. "ನಿಮಗೆ ಕೂತು ಮಾಡೋ ಕೆಲಸ ಬೇಕು. ಸಾಫ್ಟ್‌ವೇರ್ ಕಲೀರಿ" ಎಂದಳು. ಜೀಪಿನಲ್ಲೂ ನಾನು ಕೂತೇ ಇದ್ದೆ ಎಂಬ ನನ್ನ ವಾದ ನಡೆಯಲಿಲ್ಲ. ಆನ್‌ಲೈನ್ ಕೋರ್ಸು ಶುರುವಾಯಿತು. ಪ್ರೋಗ್ರಾಮಿನಲ್ಲಿ ತಪ್ಪು ಕಂಡಾಗಲೆಲ್ಲ ಮೇಜಿನ ಕೆಳಗೆ ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಅಲ್ಲಿ ಮಲಗುತ್ತಿದ್ದ ಬೆಕ್ಕು ಬೇರೆ ಜಾಗ ಹುಡುಕಿಕೊಂಡಿತು. ಅವ್ವನಿಗಂತೂ ಇದು ಕೆಲಸವೇ ಅಲ್ಲ. ಲುಂಗಿ ಉಟ್ಟು ಪೆಟ್ಟಿಗೆಯ ಮುಂದೆ ಗೊಣಗುವವನನ್ನು ನೋಡಿ, "ಸುಮ್ನೆ ಕೂತಿದೀಯಲ್ಲ, ಈ ಕಾಯಾದ್ರೂ ತುರ್ಕೊಡು" ಎಂದು ತುರಿಯುವ ಮಣೆ ತಂದಿಡುತ್ತಿದ್ದಳು. ಕಲಿತ ವಿದ್ಯೆಯಲ್ಲಿ ಮೊದಲು ಪಳಗಿದ್ದು ಅದೇ.

ಅಂತೂ ಹಾಸನದ ಒಂದು ಸಣ್ಣ ಕಂಪನಿ ನನ್ನನ್ನು ಪರೀಕ್ಷೆಗೆಂದು, ಮನೆಯಿಂದಲೇ ಮಾಡುವ ಕೆಲಸಕ್ಕೆ ತೆಗೆದುಕೊಂಡಿತು. ಕಾಫಿ ಎಸ್ಟೇಟುಗಳಿಗೆ ಸಾಫ್ಟ್‌ವೇರ್ ಮಾಡುವವರು. ನನ್ನ ಮೇಲಧಿಕಾರಿ ಅನುಷಾ, ಮಗಳ ವಯಸ್ಸಿನವಳು. ನನ್ನ ತಪ್ಪುಗಳನ್ನು "ಸರ್, ಇಲ್ಲೊಂಚೂರು ನೋಡ್ತೀರಾ" ಎಂದು ಎಷ್ಟು ಮೆಲ್ಲಗೆ ತೋರಿಸುತ್ತಿದ್ದಳೆಂದರೆ, ಒಮ್ಮೆ ಬೈಯಬಾರದೇ ಎನ್ನಿಸುತ್ತಿತ್ತು. ನನಗೆ ಬಂದ ಕೆಲಸ ಇಷ್ಟು: ಬೆಳಿಗ್ಗೆ ಮಳೆ ಮಿತಿ ಮೀರಿದ್ದರೆ ಎಸ್ಟೇಟಿನ ಲೈನುಮನೆಗಳಲ್ಲಿರುವ ಆಳುಗಳಿಗೆ ತಾನಾಗಿ ಫೋನು ಹೋಗಬೇಕು, ಇವತ್ತು ಕೆಲಸ ಇಲ್ಲವೆಂದು ಧ್ವನಿ ಹೇಳಬೇಕು. ಇದು ನಡೆದರೆ ನನ್ನ ನೌಕರಿ ಕಾಯಂ. ನಡೆಯದಿದ್ದರೆ ಮತ್ತೆ ಯಾರ ಬಾಗಿಲು ತಟ್ಟುವುದೋ ಗೊತ್ತಿರಲಿಲ್ಲ.

ಡೆಮೊ ದಿನ ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ. ಪರದೆಯ ಒಂದು ಚೌಕದಲ್ಲಿ ಅನುಷಾ, ಇನ್ನೊಂದರಲ್ಲಿ ಇದನ್ನು ಕೊಳ್ಳಬೇಕಾಗಿದ್ದ ಹೆತ್ತೂರಿನ ಎಸ್ಟೇಟ್ ಮಾಲೀಕರು ಮಲ್ಲೇಗೌಡರು. ಮಿತಿ ಮೀರಿದ ಮಳೆಯ ಅಳತೆ ಹಾಕಿದೆ. ಆಳಿನ ನಂಬರಿನ ಜಾಗದಲ್ಲಿ ನನ್ನದೇ ಹಾಕಿದ್ದರಿಂದ ಪಕ್ಕದಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಹೆಣ್ಣುಧ್ವನಿಯೊಂದು ಖಡಕ್ಕಾಗಿ, "ಇವತ್ತು ನಿಮಗೆ ಕೆಲಸ ಇಲ್ಲ. ಮನೆಯಲ್ಲೇ ಇರಿ" ಎಂದಿತು. ಗೆದ್ದೆ! ಸಮಾಧಾನಕ್ಕೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿದೆ.

ಅದೇ ಹೊತ್ತಿಗೆ ಅವ್ವ ಕಾಫಿ ಹಿಡಿದು ಬಂದಳು. ಮಾತು ಕೇಳಿತು, ತಲೆಯ ಮೇಲೆ ಕೈ ಹೊತ್ತ ಮಗ ಕಂಡ, ಪರದೆಯಲ್ಲಿ ಅನುಷಾ ಕಂಡಳು. ಅಷ್ಟು ಸಾಕಾಯಿತು. ಲೋಟ ಕುಕ್ಕಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಕ್ಯಾಮೆರಾಗೆ ಮುಖ ಕೊಟ್ಟಳು.

"ಏನವ್ವ, ಬೆನ್ನು ಹೋದೋನ್ನ ಹಿಂಗೆ ಏಕಾಏಕಿ ಕೆಲ್ಸದಿಂದ ತೆಗೀತೀಯಲ್ಲ, ನಿಂಗೆ ಕರುಳು ಅನ್ನೋದು ಐತಾ? ಹಗ್ಲೂ ರಾತ್ರಿ ಈ ಪೆಟ್ಟಿಗೆ ಕುಟ್ಟವ್ನೆ. ನಾನೇ ಕಣ್ಣಾರೆ ನೋಡಿವ್ನಿ. ಜೀಪಲ್ಲೂ ಇಷ್ಟು ದುಡಿದಿರ್ಲಿಲ್ಲ ಇವ್ನು!"

ಅವ್ವನ ಬಾಯಲ್ಲಿ ಇದಕ್ಕೆ 'ದುಡಿಮೆ' ಎಂಬ ಹೆಸರು ಬಂದದ್ದು ಅದೇ ಮೊದಲು. ನಗಬೇಕೋ ಅಳಬೇಕೋ ತಿಳಿಯದೆ ಲುಂಗಿ ಬಿಗಿ ಮಾಡಿಕೊಂಡೆ. ಮಲ್ಲೇಗೌಡರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಲ್ಲ ಮಾರಾಯ, ನಿಮ್ಮವ್ವನೇ ಹಿಂಗೆ ತಿಳ್ಕಂಡ್ರೆ ನಮ್ ಲೈನ್‌ನೋರು ಏನ್ ತಿಳ್ಕತಾರೆ? ಎಲ್ರೂ ಗಂಟುಮೂಟೆ ಕಟ್ಕಂಡು ಹೋಗ್ಬುಟ್ರೆ ನಾನೊಬ್ನೇ ತೋಟಕ್ಕಿಳೀಬೇಕಾ?" ಎಂದವರು ಅವ್ವನ ಕಡೆ ತಿರುಗಿ, "ಅವ್ವಾರೇ, ಜೋರು ಮಳೆ, ಇವತ್ತೊಂದಿನ ರಜ ಅಂತ ಹೇಳ್ಬೇಕು. ನೀವಾಗಿದ್ರೆ ಹೆಂಗೆ ಹೇಳ್ತಿದ್ರಿ?" ಎಂದು ಕೇಳಿದರು.

ಅವ್ವನ ಸಿಟ್ಟು ಇಳಿದಿರಲಿಲ್ಲ. "ಹೇಳೋದೇನೈತೆ? ಮಳೆ ಜೋರೈತೆ ಕಣ್ರಪ್ಪ, ಇವತ್ತು ಬರಬ್ಯಾಡಿ, ಬೆಚ್ಚಗಿರಿ. ನಾಳೀಕೆ ನೋಡನ ಅಂದ್ರಾಯ್ತು."

"ಇದನ್ನೇ ಹಾಕಿ. ಈ ದನೀಲೇ ಹಾಕಿ" ಎಂದರು ಗೌಡರು.

ನನ್ನ ನೌಕರಿ ಕಾಯಂ ಆಯಿತು. ಧ್ವನಿ ರೆಕಾರ್ಡು ಮಾಡುವ ದಿನ ಅವ್ವ ರೇಷ್ಮೆ ಸೀರೆ ಉಟ್ಟಳು. ಧ್ವನಿಯಲ್ಲಿ ಸೀರೆ ಕಾಣುವುದಿಲ್ಲ ಎಂದರೂ ಕೇಳಲಿಲ್ಲ. ಈಗ ಮಳೆಯ ಬೆಳಗುಗಳಲ್ಲಿ ಹೆತ್ತೂರಿನ ಎಸ್ಟೇಟುಗಳಿಗೆಲ್ಲ ಅವಳ ದನಿ ಹೋಗುತ್ತದೆ. ಕೆಲವರು ಫೋನಿಗೆ "ಆಯ್ತು ಕಣವ್ವ" ಎಂದು ಉತ್ತರವನ್ನೂ ಕೊಡುತ್ತಾರಂತೆ. ಸಂತೆಯಲ್ಲಿ ಅವ್ವ ಸೊಪ್ಪು ಚೌಕಾಸಿ ಮಾಡುವಾಗ ದನಿ ಗುರುತು ಹಿಡಿದು ಮಾತಾಡಿಸಿದವರೂ ಇದ್ದಾರೆ.

ಮೊನ್ನೆ ಆಲೂರಿನಲ್ಲಿ ಒಂದು ನಿಶ್ಚಿತಾರ್ಥ. ದೂರದ ನೆಂಟರೊಬ್ಬರು ನನ್ನನ್ನು ತೋರಿಸಿ ಅವ್ವನನ್ನು, "ನಿಮ್ ಮಗ ಈಗೇನ್ ಮಾಡ್ಕಂಡವ್ನೆ?" ಎಂದು ಕೇಳಿದರು. ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಪದ ಕೊನೆಗೂ ನಾಲ್ಕು ಜನರ ಮುಂದೆ ಕಿವಿಗೆ ಬೀಳುತ್ತದಲ್ಲ ಎಂದು, ಬೆನ್ನು ನೋವಿದ್ದರೂ ನೆಟ್ಟಗೆ ನಿಂತೆ.

ಅವ್ವ ಸೆರಗು ಸರಿಮಾಡಿಕೊಂಡಳು.

"ಅವ್ನಾ? ಈಗ ನನ್ ಕೈ ಕೆಳಗೆ ಕೆಲ್ಸ ಮಾಡ್ತವ್ನೆ."