ಹಕ್ಕಿ ಹಾರದೆ ರಿಬ್ಬನ್ ಕತ್ತರಿಸದ ಭಾವ

ನಮ್ಮ ಭಾವನ ಕೈಯಲ್ಲಿ ಅಂಗಡಿ ಉದ್ಘಾಟನೆ ಮಾಡಿಸುವವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಆಮಂತ್ರಣ ಪತ್ರಿಕೆಯಲ್ಲಿ ಗಂಟೆ ಅಚ್ಚು ಹಾಕಿಸಬೇಡಿ! ಗಂಟೆ ನಿರ್ಧರಿಸುವುದು ನೀವೂ ಅಲ್ಲ, ಜೋಯಿಸರೂ ಅಲ್ಲ. ದಾರಿಯಲ್ಲಿ ಹೋಗುವ ಯಾವುದೋ ಒಂದು ಕಾಗೆ!

ಭಾವ ಎಂದರೆ ನನ್ನ ಅಕ್ಕನ ಗಂಡ, ನಿವೃತ್ತ ಇಂಗ್ಲಿಷ್ ಮಾಸ್ತರರು. ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಅವರ ಹತ್ತಿರ ಪೆಟ್ಟು ತಿನ್ನದ ವ್ಯಾಪಾರಿ ಇದ್ದಾನೆಯೇ? ಹಾಗಾಗಿ ಯಾರು ಅಂಗಡಿ ತೆರೆದರೂ ಕತ್ತರಿ ಅವರ ಕೈಗೇ. ಎಲ್ಲ ಸರಿಯಾಗಿಯೇ ಇತ್ತು, ಅವರು ಒಂದು ದಪ್ಪ ನಿಘಂಟಿನಲ್ಲಿ ‘ಇನಾಗುರೇಷನ್’ ಎಂಬ ಪದದ ಹುಟ್ಟು ಹುಡುಕುವವರೆಗೆ!

“ಆ ಪದದ ಹೊಟ್ಟೆಯೊಳಗೆ ಒಬ್ಬ ಪುರೋಹಿತ ಕೂತಿದ್ದಾನೆ ಮಾರಾಯ,” ಎಂದರು. “ಹಳೇ ಕಾಲದ ರೋಮಿನವ. ‘ಆಗರ್’ ಅಂತ ಅವನಿಗೆ ಹೆಸರು. ಅವ ಆಕಾಶದಲ್ಲಿ ಹಕ್ಕಿ ಹಾರುದು ನೋಡಿ ‘ಹೂಂ’ ಅಂದ ಮೇಲೆಯೇ ಕೆಲಸ ಶುರು. ನಾವು ಇಷ್ಟು ವರ್ಷ ಬರೀ ಬಟ್ಟೆ ಕತ್ತರಿಸಿದ್ದು!”

“ಹಕ್ಕಿ ಬಾರದಿದ್ದರೆ ಎಂತ ಮಾಡುದು ಭಾವ?”

“ಕಾಯುದು.”

ಕಾದೆವು! ಪುತ್ತೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಆಕಾಶ ಕಾಣುವುದಿಲ್ಲವೆಂದು ಶಾಮಿಯಾನವನ್ನೇ ಬಿಚ್ಚಿಸಿದರು. ಅತಿಥಿಗಳು ತಲೆಗೆ ಕರವಸ್ತ್ರ ಹಾಕಿ ಕುಳಿತರು. ನಾನು ಹಳೇ ಪಂಪುಸೆಟ್ಟು ಮಾರಿ ಮೇಲೆ ಬಂದವನು, ಸುಮ್ಮನಿರಲಾದೀತೆ? ಶಾಮಿಯಾನದವನನ್ನು ಹಿಡಿದು ಬಾಡಿಗೆ ಅರ್ಧ ಮಾಡಿಸಿದೆ.

ಸುಳ್ಯದಲ್ಲಿ ಬ್ಯಾರಿ ಸಮುದಾಯದ ಹಳೇ ಶಿಷ್ಯನೊಬ್ಬ ಕೋಳಿ ಅಂಗಡಿ ತೆರೆದ. ಭಾವ ಕತ್ತಿನ ನರ ಉಬ್ಬಿಸಿ ಮೇಲೆ ನೋಡುತ್ತಾ ನಿಂತರು.

“ಮಾಷ್ಟ್ರೇ, ಮೇಲೆ ಎಂತಕ್ಕೆ ನೋಡುದು? ಹಕ್ಕಿ ಒಳಗೇ ಉಂಟಲ್ಲ, ಇನ್ನೂರು!”

ಭಾವ ಸೋಲುವವರೇ? ರೋಮಿನವರು ಕೋಳಿಯನ್ನೂ ಕೇಳುತ್ತಿದ್ದರಂತೆ! ಕಾಳು ಹಾಕಬೇಕು, ಗಬಗಬನೆ ತಿಂದರೆ ಶುಭ. ಒಂದು ಹಿಡಿ ಅಕ್ಕಿ ತರಿಸಿ ಚೆಲ್ಲಿದರು. ಕೋಳಿಗಳು ಬಿದ್ದು ಬಿದ್ದು ತಿಂದವು. ಬೆಳಿಗ್ಗೆಯಿಂದ ಅವಕ್ಕೆ ಏನೂ ಹಾಕಬೇಡವೆಂದು ಶಿಷ್ಯನ ಕಿವಿಯಲ್ಲಿ ಊದಿದವನು ನಾನೇ. ಶಕುನದಲ್ಲೂ ಸ್ವಲ್ಪ ಪೂರ್ವತಯಾರಿ ಬೇಕು ಸ್ವಾಮಿ!

ಆಮೇಲೆ ಬಂದದ್ದು ಅಕ್ಕನ ಸರದಿ. ಹಲಸಿನ ಹಪ್ಪಳ ಮಾಡಿ ಊರಿಡೀ ಹಂಚುತ್ತಿದ್ದ ನನ್ನ ಅಕ್ಕ, ಅರವತ್ತರ ಹೊಸ್ತಿಲಲ್ಲಿ ಹಪ್ಪಳದ ಅಂಗಡಿಗೆಂದು ಕಡಬದಲ್ಲೊಂದು ಕೋಣೆ ಹಿಡಿದಳು. ಜೀವಮಾನದಲ್ಲಿ ಅವಳು ತನಗೆಂದು ಕೇಳಿದ್ದು ಅದೊಂದೇ. ಉದ್ಘಾಟನೆಯ ದಿನ ಬೆಳಿಗ್ಗೆಯಿಂದಲೇ, “ನನ್ನಿಂದ ಆಗ್ಲಿಕ್ಕಿಲ್ಲ ತಮ್ಮಾ. ಹಪ್ಪಳಕ್ಕೆ ದುಡ್ಡು ಕೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ,” ಎನ್ನುತ್ತಿದ್ದಳು. ಈಗ ಹಿಂದೆ ಸರಿದರೆ ಆ ಶಟರು ಇನ್ನು ಏಳುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬೆನ್ನು ಹಾಕಿ, ರಸ್ತೆಯಾಚೆಯ ಆಕಾಶ ನೋಡುತ್ತಾ ನಿಂತರು. ಈ ಸಲ ಕತ್ತರಿ ಅಕ್ಕನ ಕೈಯಲ್ಲಿತ್ತು. ಒಂದು ಬೆಳ್ಳಕ್ಕಿ ಬಂತು. ಬಂದದ್ದೇ ಸೀದಾ ಎಡಕ್ಕೆ ಹೋಯಿತು! ರೋಮಿನವರಿಗೆ ಎಡ ಶುಭ, ಗ್ರೀಕರಿಗೆ ಬಲ ಶುಭವಂತೆ. ನಮ್ಮ ಮೂರು ತಾಲೂಕಿಗೆ ಬಲವೇ ಸರಿಯೆಂದು ಭಾವ ಎಂದೋ ತೀರ್ಪು ಕೊಟ್ಟಾಗಿತ್ತು. ಎಡಕ್ಕೆ ಹೋದ ಹಕ್ಕಿಗಾಗಿ ಒಬ್ಬ ಬೇಕರಿಯವನನ್ನು ಮರುದಿನಕ್ಕೆ ದೂಡಿದ ಮನುಷ್ಯ!

ಅಕ್ಕನ ಮುಖ ಇಳಿದುಹೋಯಿತು. “ಎಡಕ್ಕೆ ಹೋಯ್ತಲ್ಲ... ಬೇಡ ಬಿಡಿ. ನನಗೆ ಮೊದಲೇ ಅನಿಸಿತ್ತು.” ಕತ್ತರಿಯನ್ನು ತಟ್ಟೆಗೆ ಇಟ್ಟೇಬಿಟ್ಟಳು.

ಭಾವ ಒಂದು ಕ್ಷಣ ಹಕ್ಕಿ ಹೋದ ದಿಕ್ಕನ್ನೇ ನೋಡಿದರು. ಮತ್ತೆ ಅಷ್ಟು ಜನರ ಎದುರು, ಮದುವೆ ಫೋಟೋದಲ್ಲೂ ಹೆಂಡತಿಯಿಂದ ಒಂದು ಮೊಳ ದೂರ ನಿಂತಿದ್ದ ಆ ಮನುಷ್ಯ, ಅಕ್ಕನ ಎರಡೂ ಹೆಗಲು ಹಿಡಿದು ಅವಳನ್ನು ಮೆಲ್ಲನೆ ಅಂಗಡಿಯ ಕಡೆಗೆ ತಿರುಗಿಸಿದರು.

“ಈಗ ನೋಡು. ಅದು ನಿನ್ನ ಬಲಕ್ಕೆ ಉಂಟು.”

ಅಕ್ಕನ ಕಣ್ಣೆದುರಿಗೆ ಈಗ ಇದ್ದದ್ದು ರಿಬ್ಬನ್ ಮಾತ್ರ. ಭಾವ ಹೆಗಲಿನಿಂದ ಕೈ ತೆಗೆಯಲಿಲ್ಲ. ಅವಳು ಕತ್ತರಿ ಎತ್ತಿಕೊಂಡಳು.