ಖಾಲಿ ಡಬ್ಬಿ ಕಳಿಸಬಾರದು

ನಮ್ಮ ಆಳಂದ ಕಡೆ ಒಂದು ಸಾಮಾನು ಹೊಸ್ತಿಲು ದಾಟಿತೆಂದರೆ, ಮರಳಿ ಬರುವಷ್ಟರಲ್ಲಿ ಅದರ ಹಿಂದೊಂದು ಕಥೆ ಹುಟ್ಟಿರುತ್ತದೆ. ನಾನಾದರೋ ಲಾರಿಗಟ್ಟಲೆ ಡಬ್ಬಿ ಕಳಿಸಿದವನು!

ಬೇಳೆ ಮಿಲ್ಲಿನ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮಾಲು ಕಟ್ಟಿ ಕಳಿಸುವುದು ನನ್ನ ಕೆಲಸ. ಪ್ರತಿಯೊಂದಕ್ಕೂ ಗುಳ್ಳೆ ಪ್ಲಾಸ್ಟಿಕ್ ಸುತ್ತುತ್ತಿದ್ದೆವು. ಮಾಲು ಮುಟ್ಟಿದ ಊರಲ್ಲೆಲ್ಲ ಅದು ಹಾರಿ ಜಾಲಿಗಿಡಕ್ಕೆ ಜೋತುಬೀಳುತ್ತಿತ್ತು. ನನಗೆ ನೋಡಲಾಗಲಿಲ್ಲ.

“ಮುಚ್ಚಳದ ದೊಡ್ಡ ಗಟ್ಟಿ ಡಬ್ಬಿ ತರಸೋಣ್ರಿ. ಹೋದದ್ದು ವಾಪಸ್ ಬರ್ತದ, ಮತ್ತ ಮತ್ತ ವಾಪರಸಬಹುದು” ಎಂದೆ. ಒಂದೇ ಡಬ್ಬಿ ಹತ್ತಾರು ಸಲ ಬಳಸುವ ಲೆಕ್ಕ ನನ್ನದು.

ಮಾಲಕರು ಒಪ್ಪಿದರು. “ಆದ್ರ ಡಬ್ಬಿ ಬರಲಿಲ್ಲಂದ್ರ ನೀನೂ ಬರಬ್ಯಾಡ.”

ಕೂತವರು

ಡಬ್ಬಿ ಬರಲಿಲ್ಲ. ಜೇವರ್ಗಿಯ ಮಿಲ್ಲಿಗೆ ನಾನೇ ಹೋದೆ. ಅಂಗಳದಲ್ಲಿ ಡಬ್ಬಿಗಳನ್ನು ಬೋರಲು ಹಾಕಿ, ಮೇಲೆ ಹಿರಿಯರು ಕೂತು ಚಹಾ ಕುಡಿಯುತ್ತಿದ್ದರು.

“ಕುಂತೋರನ್ನ ಎಬ್ಬಸ್ತಾರೇನ್ರಿ? ಅವರು ಎದ್ದ ಮ್ಯಾಲೆ ಒಯ್ರಿ” ಎಂದ ಮಿಲ್ಲಿನವನು ನನಗೂ ಒಂದು ಡಬ್ಬಿ ಬೋರಲು ಹಾಕಿದ. ಒಬ್ಬರು ಏಳುವುದು, ಇನ್ನೊಬ್ಬರು ಕೂರುವುದು. ಸಂಜೆಗೆ ಬರಿಗೈಲಿ ಹೊರಟೆ.

“ಇನ್ನೊಂದಿಷ್ಟು ಡಬ್ಬಿ ಕಳಸ್ರಿ. ಮಂದಿ ನಿಂತೇ ಚಾ ಕುಡ್ಯಾಕತ್ತಾರ” ಎಂದು ಮಿಲ್ಲಿನವನು ಹಿಂದಿನಿಂದ ಕೂಗಿದ.

ಕಾವು

ಖಜೂರಿಯ ಮಿಲ್ಲಿಗೆ ನಮ್ಮ ಡ್ರೈವರ್ ಚಾಚಾನನ್ನು ಕಳಿಸಿದೆ. ಫೋನ್ ಬಂತು: “ಡಬ್ಬ್ಯಾಗ ಕೋಳಿ ಕಾವಿಗೆ ಕುಂತದರಿ.”

“ಎಬ್ಬಸ್ರಿ ಚಾಚಾ!”

“ತೋಬಾ ತೋಬಾ! ಹೆರಿಗಿಗೆ ಕುಂತಾಕಿನ್ನ ಮನಿ ಖಾಲಿ ಮಾಡಸ್ತಾರೇನ್ರಿ ಯಾರರ?”

ಖಜೂರಿಯ ಡಬ್ಬಿ ಹೆರಿಗೆ ರಜೆಯ ಮೇಲಿದೆ ಎಂದು ಮಾಲಕರಿಗೆ ವರದಿ ಒಪ್ಪಿಸಿದೆ.

“ನಿನ್ನ ರಜಾನೂ ಸಮೀಪ ಬಂತು” ಎಂದರು.

ಅಫಜಲಪುರದ ಅವ್ವ

ಹೆಚ್ಚಿನ ಡಬ್ಬಿ ಇದ್ದದ್ದು ಅಫಜಲಪುರದ ಸಾಹುಕಾರರ ಮಿಲ್ಲಿನಲ್ಲಿ. ಫೋನ್ ಮಾಡಿ ಗೋಗರೆದೆ: “ನಾಳೆ ಬರಲಿಲ್ಲಂದ್ರ ನನ್ನ ನೌಕರಿ ಹೋಗ್ತದ್ರಿ.”

“ಡಬ್ಬಿ ಎಲ್ಲಾ ಇಲ್ಲೇ ಅದಾವ್ರಿ. ಮಂದಿ ಡಬ್ಬಿ ಖಾಲಿ ಕಳಸ್ಬಾರದಂತ ನಮ್ಮವ್ವ ಬಿಡವಲ್ಲಳು.”

“ಒಂದು ಚಿಟಿಕಿ ಸಕ್ರಿ ಹಾಕಿ ಕಳಸ್ರಿ, ನಿಮ್ಮ ಕಾಲಿಗೆ ಬೀಳ್ತೇನಿ!”

ಮರುದಿನ ಲಾರಿ ಬಂತು. ಡಬ್ಬಿಗಳನ್ನು ಇಳಿಸಲು ಹೋದವರು ಭಾರಕ್ಕೆ ನರಳಿದರು. ಮಾಲಕರು ಖುದ್ದು ಮುಚ್ಚಳ ತೆಗೆದರು. ಅವ್ವ ಡಬ್ಬಿಗಳನ್ನು ತಿಕ್ಕಿ ತೊಳೆದು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತುಂಬಿದ್ದಳು. ರೊಟ್ಟಿ ಮುರಿಯಬಾರದೆಂದು ಒಂದೊಂದು ಕಟ್ಟಿಗೂ ಗುಳ್ಳೆ ಪ್ಲಾಸ್ಟಿಕ್! ವರ್ಷಗಟ್ಟಲೆ ನಾವು ಕಳಿಸಿದ್ದನ್ನೆಲ್ಲ ಮಡಚಿ ಇಟ್ಟಿದ್ದಳಂತೆ.

ಮಾಲಕರು ಹಿಂಡಿ ಹಚ್ಚಿ ರೊಟ್ಟಿ ಮುರಿದರು, ಕಣ್ಣು ಮುಚ್ಚಿ ಅಗಿದರು. ಕೊನೆಗೆ, “ನಾಳಿಂದ ಕೆಲಸಕ್ಕ ಬಾ” ಎಂದರು. ಹೋದ ಜೀವ ಬಂತು. ಖುಷಿಯಿಂದ ಒಂದು ಡಬ್ಬಿ ಖಾಲಿ ಮಾಡಿ, ಅದರಲ್ಲಿ ಮಾಲು ಇಡಲು ಹೋದೆ.

“ಲೇ, ರೊಟ್ಟಿ ಬಂದ ಡಬ್ಬ್ಯಾಗ ಎಣ್ಣಿ ಹತ್ತಿದ ಕಬ್ಬಿಣ ಇಡ್ತೀಯೇನು? ಇವೆಲ್ಲಾ ನಮ್ಮ ಮನಿಗೆ ಕಳಸು.”

“ಮತ್ತ ಮಾಲು ಯಾತರಾಗ ಕಟ್ಲಿರಿ?”

ಮಾಲಕರು ರೊಟ್ಟಿಯಿಂದ ಬಿಚ್ಚಿಟ್ಟ ಗುಳ್ಳೆ ಪ್ಲಾಸ್ಟಿಕ್ಕಿನ ಗುಡ್ಡೆ ತೋರಿಸಿದರು.

“ನೀನ ಹೇಳಿದ್ದಿಯಲ್ಲ, ಹೋದದ್ದು ವಾಪಸ್ ಬರ್ತದಂತ? ಬಂದದ ನೋಡು. ವಾಪರಸು!”